ಒಂದ್ಸಲ ರಿಫ್ರೆಶ್ ಮಾಡಿ ನೋಡಿ

ಹೋದ ನವೆಂಬರಲ್ಲಿ ನಮ್ಮ ಸಂಘದ ರಾಜ್ಯೋತ್ಸವಕ್ಕೆ ವೆಬ್‌ಸೈಟ್ ಮಾಡಿದ್ದು ನಾವು ನಾಲ್ಕು ಜನ. ಹಳದಿ ಕೆಂಪು ಬಣ್ಣದ್ದು, ಮೇಲೆ ಡೊಳ್ಳಿನ ಚಿತ್ರ ಇತ್ತಲ್ಲ, ಅದೇ. ತುಂಬಾ ಜನ ಚೆನ್ನಾಗಿದೆ ಅಂದ್ರು. ನಾವೂ ಹಾಗೇ ಅಂದ್ಕೊಂಡಿದ್ವಿ. ಆದರೆ ಈ ಬರಹ ಆ ಸೈಟನ್ನ ಹೊಗಳಿಕೊಳ್ಳೋಕಲ್ಲ. ಅದನ್ನ ನಂಬಿ ಒಬ್ಬ ಹುಡುಗಿ ಹಾಸನದಿಂದ ಬಂದು, ಆಶುಭಾಷಣ ಸ್ಪರ್ಧೆಯಲ್ಲಿ ಒಂದು ಮಾತೂ ಆಡದೇ ವಾಪಸ್ ಹೋದಳು. ಅದು ಹೇಗಾಯ್ತು ಅಂತ ಬರೆದಿಡೋಕೆ ಇದು. ನಮ್ಮ ಜೂನಿಯರ್‌ಗಳು ಮುಂದಿನ ಸಲ ಸೈಟ್ ಮಾಡುವಾಗ ಇದನ್ನ ಓದಲಿ ಅನ್ನೋದು ಒಂದು ಕಾರಣ. ತಪ್ಪನ್ನ ಒಪ್ಪಿಕೊಳ್ಳಬೇಕು ಅನ್ನೋದು ಇನ್ನೊಂದು.

ಆಗಿದ್ದು ಇಷ್ಟು. ಆಶುಭಾಷಣ ಮೊದಲು ಮಧ್ಯಾಹ್ನ 2 ಗಂಟೆಗೆ ಅಂತ ಇತ್ತು. ಮೂರು ದಿನ ಮುಂಚೆ ಆ ಹೊತ್ತಿಗೆ ಸಭಾಂಗಣ ಪ್ಲೇಸ್‌ಮೆಂಟ್ ಟಾಕ್‌ಗೆ ಬೇಕು ಅಂತ ಬಂತು. ಸ್ಪರ್ಧೆ ಬೆಳಿಗ್ಗೆ 10ಕ್ಕೆ ಹೋಯ್ತು. ನಮ್ಮ ಸೈಟಲ್ಲಿ ಕಾರ್ಯಕ್ರಮ ಪಟ್ಟಿ ಪೂರ್ತಿ ಶೆಡ್ಯೂಲ್.ಜೆಎಸ್ ಅನ್ನೋ ಒಂದೇ ಫೈಲಲ್ಲಿತ್ತು. ಅದರಲ್ಲಿ 2 ಇದ್ದ ಕಡೆ 10 ಹಾಕಿ ಸರ್ವರ್‌ಗೆ ಏರಿಸಿದ್ವಿ. ನಾಲ್ಕೂ ಜನ ಲ್ಯಾಪ್‌ಟಾಪಲ್ಲಿ ತೆಗೆದು ನೋಡಿದ್ವಿ, 10 ಅಂತಲೇ ತೋರಿಸ್ತು. ಕ್ಯಾಂಪಸ್ಸಿನ ವಾಟ್ಸಾಪ್ ಗ್ರೂಪಿಗೂ ಹಾಕಿದ್ವಿ. ಹೊರಗಿನ ಕಾಲೇಜಿನವರು ಆ ಗ್ರೂಪಲ್ಲಿ ಇರಲಿಲ್ಲ. ಅವರ ಫೋನ್ ನಂಬರ್ ನೋಂದಣಿ ಫಾರ್ಮಿನಲ್ಲಿ ನಮ್ಮ ಹತ್ರಾನೇ ಇತ್ತು. ಫೋನ್ ಮಾಡಬೇಕಾ ಅಂತ ನಮ್ಮಲ್ಲೊಬ್ಬ ಕೇಳಿದ. "ಸೈಟಲ್ಲಿ ಹಾಕಿದ್ದೀವಲ್ಲ, ಸಾಕು ಬಿಡೋ" ಅಂತ ಉಳಿದ ಮೂವರು ಅಂದ್ವಿ.

ಸ್ಪರ್ಧೆ ಮುಗಿದು, ತೀರ್ಪುಗಾರರನ್ನ ಗೇಟಿನ ತನಕ ಬಿಟ್ಟು ಬಂದು, ನಾವು ಕುರ್ಚಿ ಜೋಡಿಸ್ತಾ ಇದ್ವಿ. ಸುಮಾರು ಒಂದೂಕಾಲಿಗೆ ಆ ಹುಡುಗಿ ಬಂದಳು. ಡಿಪ್ಲೊಮಾ ಎರಡನೇ ವರ್ಷ. ಬೆಳಿಗ್ಗೆ ಹಾಸನದಲ್ಲಿ ಬಸ್ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು, ಸಿಟಿ ಬಸ್ ಹಿಡಿದು ಬಂದಿದ್ದಳು. ಬ್ಯಾಗಲ್ಲಿ ಟಿಫನ್ ಬಾಕ್ಸು. "ಇನ್ನೂ ಮುಕ್ಕಾಲು ಗಂಟೆ ಇದೆ ಅಲ್ವಾ ಅಣ್ಣಾ, ಎಲ್ಲಿ ಕೂತ್ಕೋಬೇಕು?" ಅಂದಳು.

ಸ್ಪರ್ಧೆ ಮುಗೀತು ಅಂದ್ವಿ. ಅವಳಿಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ನಾವು ಹೇಳಿದ ಮಾತು ಇವತ್ತಿಗೂ ನೆನಪಾದರೆ ನಾಚಿಕೆ ಆಗುತ್ತೆ: "ಟೈಮ್ ಚೇಂಜ್ ಆಗಿ ಮೂರು ದಿನ ಆಯ್ತು. ನೀವು ಸೈಟ್ ಸರಿಯಾಗಿ ನೋಡಿಲ್ಲ ಅನ್ಸುತ್ತೆ."

ಅವಳು ಫೋನ್ ತೆಗೆದು ತೋರಿಸಿದಳು. "ಇಲ್ನೋಡಿ ಅಣ್ಣಾ, ಬೆಳಿಗ್ಗೆ ಬಸ್ಸಲ್ಲಿ ಕೂತಾಗಲೂ ನೋಡ್ದೆ." ನಮ್ಮದೇ ಸೈಟು, ನಮ್ಮದೇ ಡೊಳ್ಳು. ಕೆಳಗೆ ಆಶುಭಾಷಣ, ಮಧ್ಯಾಹ್ನ 2. ನಮ್ಮಲ್ಲೊಬ್ಬಳು "ಒಂದ್ಸಲ ರಿಫ್ರೆಶ್ ಮಾಡಿ ನೋಡಿ" ಅಂದಳು. ಹುಡುಗಿ ಪರದೆ ಕೆಳಕ್ಕೆಳೆದಳು. ಚಕ್ರ ತಿರುಗಿ ಪುಟ ಮತ್ತೆ ಬಂತು. ಮಧ್ಯಾಹ್ನ 2. ಇನ್ನೊಮ್ಮೆ ಎಳೆದಳು. ಮಧ್ಯಾಹ್ನ 2. ಆಮೇಲೆ ಅವಳು ಫೋನ್ ನೋಡಲಿಲ್ಲ, ನಮ್ಮನ್ನ ನೋಡಿದಳು. ಸಂಜೆ ಕಾರ್ಯಕ್ರಮದಲ್ಲಿ ಐದು ನಿಮಿಷ ಕೊಡ್ತೀವಿ, ಮಾತಾಡಿ ಅಂದ್ವಿ. "ಬೇಡ ಅಣ್ಣಾ, ಲೇಟಾಗುತ್ತೆ, ಮನೇಲಿ ಬೈತಾರೆ" ಅಂತ ಹೇಳಿ, ಸಭಾಂಗಣದ ಮೆಟ್ಟಿಲ ಮೇಲೆ ಕೂತು ಊಟ ಮಾಡಿ ಹೊರಟುಹೋದಳು.

ರಾತ್ರಿ ಹಾಸ್ಟೆಲಲ್ಲಿ ಸರ್ವರ್ ಲಾಗ್ ತೆಗೆದು ಕೂತ್ವಿ. ಬೆಳಿಗ್ಗೆಯ ಸಾಲುಗಳನ್ನ ಒಂದೊಂದಾಗಿ ನೋಡ್ತಾ ಹೋದಾಗ ಒಂದು ವಿಚಿತ್ರ ಕಾಣಿಸ್ತು. ಎಷ್ಟೋ ಫೋನುಗಳು ಮುಖಪುಟ ಕೇಳಿವೆ, ಆದರೆ ಶೆಡ್ಯೂಲ್.ಜೆಎಸ್ ಕೇಳೇ ಇಲ್ಲ. ಫೈಲ್ ಕೇಳಿದ್ದಿದ್ರೆ ನಾವು ಹೊಸದನ್ನೇ ಕೊಡ್ತಿದ್ವಿ. ಅವು ಕೇಳೋಕೇ ಬಂದಿರಲಿಲ್ಲ.

ಯಾಕೆ ಅಂದ್ರೆ, ಕೇಳಬೇಡಿ ಅಂತ ಹೇಳಿದ್ದೇ ನಾವು.

ನಮ್ಮ ಎಂಜಿನ್‌ಎಕ್ಸ್ ಸರ್ವರಿನ ಕಾನ್ಫಿಗ್ ಫೈಲ್ ಸೀನಿಯರ್‌ಗಳಿಂದ ಬಂದ ಆಸ್ತಿ. ಲ್ಯಾಬ್ ರೆಕಾರ್ಡ್ ಥರ, ಯಾರೂ ಓದಲ್ಲ, ಎಲ್ಲರೂ ಕಾಪಿ ಮಾಡ್ತಾರೆ. ಅದರಲ್ಲಿ ಸಿಎಸ್‌ಎಸ್, ಜೆಎಸ್, ಚಿತ್ರ ಮೂರಕ್ಕೂ ಸೇರಿಸಿ ಒಂದು ಸಾಲಿತ್ತು: ಎಕ್ಸ್‌ಪೈರ್ಸ್ 30 ದಿನ. ಈ ಸಾಲಿದ್ರೆ ಸರ್ವರ್ ಪ್ರತಿ ಫೈಲಿನ ಜೊತೆ ಒಂದು ಚೀಟಿ ಕಳಿಸುತ್ತೆ, ಕ್ಯಾಶ್-ಕಂಟ್ರೋಲ್ ಅಂತ ಅದರ ಹೆಸರು. ಅದರಲ್ಲಿ ಮ್ಯಾಕ್ಸ್-ಏಜ್ 2592000 ಅಂತ ಬರೆದಿರುತ್ತೆ. ಅದು ಸೆಕೆಂಡಿನ ಲೆಕ್ಕ, 30 ದಿನಕ್ಕೆ ಸರಿಯಾಗಿ ಅಷ್ಟೇ. ಬ್ರೌಸರ್‌ಗೆ ಅದರ ಅರ್ಥ: "ಈ ಫೈಲನ್ನ ಇಟ್ಕೋ, 30 ದಿನ ನನ್ನನ್ನ ಕೇಳಬೇಡ." ಆ ಹುಡುಗಿ ನೋಂದಣಿ ಮಾಡಿದ್ದು ಎಂಟು ದಿನ ಹಿಂದೆ. ಅವಳ ಫೋನ್ ನಾವು ಹೇಳಿದ್ದನ್ನ ಚಾಚೂ ತಪ್ಪದೆ ಪಾಲಿಸಿತ್ತು.

ಕ್ಯಾಶ್ ಅನ್ನೋ ಪದ ಬಂದದ್ದು ಅಡಗಿಸು ಅನ್ನೋ ಅರ್ಥದ ಫ್ರೆಂಚ್ ಕ್ರಿಯಾಪದದಿಂದ. ಕನ್ನಡದಲ್ಲಿ ಬರೆದ್ರೆ ದುಡ್ಡಿನ ಕ್ಯಾಶೂ ಇದೂ ಒಂದೇ ಥರ ಕಾಣುತ್ತೆ, ಏನೂ ಮಾಡೋಕಾಗಲ್ಲ. ಹಾಸ್ಟೆಲಿನವರಿಗೆ ಇದನ್ನ ವಿವರಿಸೋದು ಸುಲಭ. ತಿಂಗಳ ಮೊದಲ ದಿನ ಮೆಸ್ಸಿನ ಬೋರ್ಡಿಗೆ ಮೆನು ಹಾಕ್ತಾರೆ. ಎಲ್ಲರೂ ಅದರ ಫೋಟೋ ತೆಗೀತೀವಿ. ಆಮೇಲೆ ಬೋರ್ಡ್ ಹತ್ರ ಯಾರು ಹೋಗ್ತಾರೆ? ಇವತ್ತು ಬಿಸಿಬೇಳೆಬಾತಾ ಉಪ್ಪಿಟ್ಟಾ ಅಂತ ಗ್ಯಾಲರಿಯಲ್ಲೇ ನೋಡ್ಕೋತೀವಿ. ಆ ಫೋಟೋನೇ ಕ್ಯಾಶು. ಮೂರು ಮಹಡಿ ಇಳಿಯೋ ಕಷ್ಟ ತಪ್ಪುತ್ತೆ, ಬೋರ್ಡ್ ಮುಂದೆ ನೂಕುನುಗ್ಗಲೂ ಇರಲ್ಲ. ಆದ್ರೆ ತಿಂಗಳ ಮಧ್ಯೆ ಮೆನು ಬದಲಾದ್ರೆ? ಬೋರ್ಡಿನಲ್ಲಿರೋ ಹಾಳೆ ಬದಲಾಯಿಸಬಹುದು, ನಾನೂರು ಫೋನಿನಲ್ಲಿರೋ ಫೋಟೋಗಳನ್ನ ಯಾರೂ ಬದಲಾಯಿಸೋಕಾಗಲ್ಲ. ನಾವು ಶೆಡ್ಯೂಲ್.ಜೆಎಸ್ ತಿದ್ದಿದ್ದು ಬೋರ್ಡಿನ ಹಾಳೆ ಬದಲಾಯಿಸಿದ ಹಾಗೆ.

ಹಾಗಾದ್ರೆ ನಮ್ಮ ಲ್ಯಾಪ್‌ಟಾಪಲ್ಲಿ 10 ಅಂತ ಯಾಕೆ ಬಂತು? ನಾವು ಡೆವ್‌ಟೂಲ್ಸ್ ತೆರೆದಿಟ್ಟು ಕೆಲಸ ಮಾಡೋರು. ಅದರಲ್ಲಿ ಕ್ಯಾಶ್ ಬಳಸಬೇಡ ಅನ್ನೋ ಒಂದು ಟಿಕ್ ಬಾಕ್ಸ್ ಇದೆ, ಅದನ್ನ ಯಾವಾಗ್ಲೋ ಒತ್ತಿ ಮರೆತಿದ್ವಿ. ಡೆವ್‌ಟೂಲ್ಸ್ ತೆರೆದಿರೋ ತನಕ ಅದು ಪ್ರತಿ ಸಲ ಸರ್ವರ್‌ನಿಂದಲೇ ತರುತ್ತೆ. ಅಂದ್ರೆ ಇಡೀ ಪ್ರಪಂಚದಲ್ಲಿ ಹಳೇ ಪಟ್ಟಿ ನೋಡೋಕೆ ಸಾಧ್ಯವೇ ಇಲ್ಲದ ನಾಲ್ಕು ಜನ ಸೇರಿಕೊಂಡು, ಎಲ್ಲರಿಗೂ ಹೊಸದು ಕಾಣ್ತಿದೆ ಅಂತ ತೀರ್ಮಾನ ಮಾಡಿದ್ವಿ.

ರಿಫ್ರೆಶ್ ಮಾಡಿದ್ರೂ ಯಾಕೆ ಬರಲಿಲ್ಲ ಅನ್ನೋದು ನಮಗೆ ಅವತ್ತೇ ಗೊತ್ತಾಗಿದ್ದು. ಈಗಿನ ಕ್ರೋಮ್‌ನಲ್ಲಿ ಸಾಮಾನ್ಯ ರಿಫ್ರೆಶ್ ಮಾಡಿದ್ರೆ ಮುಖ್ಯ ಪುಟವನ್ನ ಮಾತ್ರ ಸರ್ವರ್ ಹತ್ರ ವಿಚಾರಿಸುತ್ತೆ. ಒಳಗಿನ ಸಿಎಸ್‌ಎಸ್, ಜೆಎಸ್ ಅವಧಿ ಮುಗಿದಿಲ್ಲ ಅಂದ್ರೆ ಇಟ್ಟುಕೊಂಡಿದ್ದನ್ನೇ ಬಳಸುತ್ತೆ. ಕಂಟ್ರೋಲ್ ಶಿಫ್ಟ್ ಆರ್ ಒತ್ತಿದ್ರೆ ಎಲ್ಲಾನೂ ಹೊಸದಾಗಿ ತರುತ್ತೆ, ಆದ್ರೆ ಫೋನಿನಲ್ಲಿ ಕಂಟ್ರೋಲ್ ಕೀ ಎಲ್ಲಿದೆ? ಒಂದು ವಾರ ಮುಂಚೆ ಒಬ್ಬ ಹುಡುಗ ಫೋನಲ್ಲಿ ಹೆಡರ್ ಕಿತ್ತೋಗಿದೆ ಅಂತ ಸ್ಕ್ರೀನ್‌ಶಾಟ್ ಕಳಿಸಿದ್ದ. ಪುಟ ಹೊಸದು, ಸ್ಟೈಲ್ ಫೈಲ್ ಹಳೇದು, ಅದಕ್ಕೇ ಕಿತ್ತೋಗಿತ್ತು. ಅವನಿಗೂ "ಹಾರ್ಡ್ ರಿಫ್ರೆಶ್ ಮಾಡು ಗುರು" ಅಂತ ಹೇಳಿ ಸುಮ್ಮನಾಗಿದ್ವಿ. ಅವತ್ತೇ ತಲೆ ಕೆಡಿಸಿಕೊಂಡಿದ್ರೆ ಹಾಸನದ ಹುಡುಗಿ ಮಾತಾಡ್ತಿದ್ದಳು.

ಮತ್ತೆ, ನಿಜವಾಗಿ ನೋವಾಗಿದ್ದು ಇದಕ್ಕೆ. ಆ ಮೂರು ದಿನದಲ್ಲಿ ಇದನ್ನ ಸರಿ ಮಾಡೋಕೆ ಒಂದೇ ಒಂದು ಅಕ್ಷರ ಸಾಕಿತ್ತು. ಫೈಲಿನ ಹೆಸರನ್ನ ಶೆಡ್ಯೂಲ್2.ಜೆಎಸ್ ಅಂತ ಮಾಡಿ, ಮುಖಪುಟದಲ್ಲಿ ಆ ಹೆಸರು ಬರೆದಿದ್ರೆ ಮುಗೀತಿತ್ತು. ಬ್ರೌಸರ್ ಕ್ಯಾಶನ್ನ ವಿಳಾಸದ ಮೇಲೆ ಇಡುತ್ತೆ. ವಿಳಾಸ ಬೇರೆ ಆದ್ರೆ ಅದರ ಪಾಲಿಗೆ ಅದು ಯಾವತ್ತೂ ಕಾಣದ ಫೈಲು, ಬಂದು ಕೇಳಲೇಬೇಕು. ಹುಡುಗಿಯ ಫೋನ್ ಮುಖಪುಟವನ್ನಂತೂ ಅವತ್ತು ಬೆಳಿಗ್ಗೆ ಹೊಸದಾಗಿ ತಂದಿತ್ತು. ಅದರಲ್ಲಿ ಒಂದು 2 ಇರಬೇಕಿತ್ತು, ಅಷ್ಟೇ.

ಇದಕ್ಕೆ ಕ್ಯಾಶ್ ಬಸ್ಟಿಂಗ್ ಅಂತಾರೆ. ಫೋನಿನಲ್ಲಿರೋ ಹಳೇ ಫೋಟೋ ಅಳಿಸೋಕೆ ಹೋಗಬೇಡಿ, ಹೊಸ ಮೆನುಗೆ ಹೊಸ ನಂಬರ್ ಕೊಡಿ, ಇವತ್ತಿಂದ 3ನೇ ನಂಬರ್ ಮೆನು ಅಂತ ಗ್ರೂಪಲ್ಲಿ ಹೇಳಿ. ತನ್ನ ಹತ್ರ ಇರೋದು 2ನೇ ನಂಬರ್ ಅಂತ ಗೊತ್ತಾದವನು ತಾನೇ ಇಳಿದು ಬರ್ತಾನೆ.

ಇದನ್ನ ಮಾಡೋ ರೀತಿಗಳು ಹಲವು. ನಾವು ಡಿಸೆಂಬರ್ ರಜದಲ್ಲಿ ಎಲ್ಲಾನೂ ಮಾಡಿ ನೋಡಿದ್ವಿ, ಹೆಚ್ಚುಕಮ್ಮಿ ಎಲ್ಲದರಲ್ಲೂ ಎಡವಿದ್ವಿ.

ಮೊದಲನೇದು, ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ವಿ=2 ಅಂತ ಸೇರಿಸೋದು. ಫೈಲ್ ಅದೇ, ವಿಳಾಸ ಬೇರೆ. ಸುಲಭ. ಹಳೇ ಕಾಲದ ಕೆಲವು ಪ್ರಾಕ್ಸಿ ಸರ್ವರ್‌ಗಳು ಪ್ರಶ್ನಾರ್ಥಕ ಇರೋ ವಿಳಾಸವನ್ನ ಕ್ಯಾಶ್ ಮಾಡ್ತಾನೇ ಇರಲಿಲ್ಲ, ಹಾಗಾಗಿ ತಿಳಿದವರು ಹೆಸರನ್ನೇ ಬದಲಾಯಿಸಿ ಅಂತಿದ್ರು. ನಮ್ಮ ತೊಂದರೆ ಅದಲ್ಲ. ನಂಬರ್ ಏರಿಸೋದು ಮನುಷ್ಯ. ಎರಡನೇ ದಿನವೇ ಸಿಎಸ್‌ಎಸ್ ತಿದ್ದಿ ನಂಬರ್ ಏರಿಸೋದು ಮರೆತ್ವಿ.

ಎರಡನೇದು, ಮರೆಯೋದೇ ಬೇಡ ಅಂತ ನಂಬರ್ ಬದಲು ಈಗಿನ ಗಂಟೆ ನಿಮಿಷ ಸೆಕೆಂಡ್ ಹಾಕೋದು. ನಮ್ಮಲ್ಲೊಬ್ಬ ಇದನ್ನ ಪುಟ ತೆರೆದಾಗಲೆಲ್ಲ ಬದಲಾಗೋ ಹಾಗೆ ಬರೆದ. ಹಳೇದು ಬರೋ ಪ್ರಶ್ನೆಯೇ ಇಲ್ಲ, ಖುಷಿಯಾದ್ವಿ. ಆದ್ರೆ ಇದು ಕ್ಯಾಶನ್ನ ಕೊಂದ ಹಾಗೆ. ಪ್ರತಿ ಸಲವೂ ಎಲ್ಲಾ ಫೈಲೂ ಮೊದಲಿಂದ ಇಳೀಬೇಕು. ಹಾಸ್ಟೆಲ್ ವೈಫೈ ರಾತ್ರಿ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಡೇಟಾ ಲೆಕ್ಕ ಹಾಕಿ ಖರ್ಚು ಮಾಡೋರ ಫೋನಿಗೆ ನಮ್ಮ ಸೋಮಾರಿತನದ ಬಿಲ್ ಹೋಗುತ್ತೆ. ಬಸ್ಸಲ್ಲಿ ಸಿಗ್ನಲ್ ಇಲ್ಲದ ಕಡೆ ಪುಟವೇ ತೆರೆಯಲ್ಲ.

ಮೂರನೇದು, ಫೈಲಿನ ಒಳಗಿರೋದ್ರಿಂದಲೇ ಅದರ ಹೆಸರು ಹುಟ್ಟಿಸೋದು. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಹ್ಯಾಶ್ ಟೇಬಲ್ ಓದ್ತೀವಲ್ಲ, ಅದರ ದೊಡ್ಡಣ್ಣಂದಿರು ಎಂಡಿ5, ಎಸ್‌ಎಚ್‌ಎ-256 ಇವೆಲ್ಲ. ಫೈಲನ್ನ ಕೊಟ್ರೆ ಒಂದು ನಿಶ್ಚಿತ ಉದ್ದದ ಸಂಖ್ಯೆ ಬರುತ್ತೆ. ಒಂದು ಅಲ್ಪವಿರಾಮ ಬದಲಾದ್ರೂ ಪೂರ್ತಿ ಬೇರೆ ಸಂಖ್ಯೆ. ಏನೂ ಬದಲಾಗಿಲ್ಲ ಅಂದ್ರೆ ಅದೇ ಸಂಖ್ಯೆ. ಅದರ ಮೊದಲ ಎಂಟು ಅಕ್ಷರ ತಗೊಂಡು ಹೆಸರಿಗೆ ಸೇರಿಸಿದ್ರೆ ಶೆಡ್ಯೂಲ್.48ಎಫ್29301.ಜೆಎಸ್ ಥರ ಆಗುತ್ತೆ. ಮರೆಯೋಕೆ ಏನೂ ಇಲ್ಲ, ಬದಲಾಗದ ಫೈಲ್ ಮತ್ತೆ ಇಳಿಯೋದೂ ಇಲ್ಲ. 2011ರಲ್ಲಿ ಬಂದ ರೈಲ್ಸ್ 3.1ರ ಅಸೆಟ್ ಪೈಪ್‌ಲೈನ್ ಇದನ್ನ ಎಂಡಿ5 ಬಳಸಿ ಮಾಡ್ತಿತ್ತು. ಅದಕ್ಕೂ ಮುಂಚೆ ರೈಲ್ಸ್‌ನಲ್ಲೂ ಪ್ರಶ್ನಾರ್ಥಕದ ಮುಂದೆ ಸಮಯ ಅಂಟಿಸೋ ಪದ್ಧತಿಯೇ ಇತ್ತು. ಈಗ ವೆಬ್‌ಪ್ಯಾಕ್‌ನಲ್ಲಿ ಒಂದು ಸೆಟ್ಟಿಂಗ್ ಹಾಕಿದ್ರೆ ಸಾಕು, ವೀಟ್ ಅಂತೂ ಬಿಲ್ಡ್ ಮಾಡಿದಾಗ ತಾನಾಗೇ ಮಾಡುತ್ತೆ. ನಮ್ಮದು ಸಣ್ಣ ಸೈಟು, ಪೈಥಾನಲ್ಲಿ ಮೂವತ್ತು ಸಾಲಿಗೆ ಮುಗೀತು: ಫೈಲ್ ಓದು, ಹ್ಯಾಶ್ ತೆಗೆ, ಹೊಸ ಹೆಸರಲ್ಲಿ ಕಾಪಿ ಮಾಡು, ಎಚ್‌ಟಿಎಂಎಲ್‌ನಲ್ಲಿ ಹಳೇ ಹೆಸರಿದ್ದ ಕಡೆ ಹೊಸದು ಬರೆ.

ಮುಗೀತು ಅಂದ್ಕೊಂಡಾಗ ಮೂರು ಗುಂಡಿಗೆ ಬಿದ್ವಿ. ನೀವು ಬೀಳಬೇಡಿ ಅಂತ ಹೇಳ್ತೀವಿ.

ಒಂದು, ಸಿಎಸ್‌ಎಸ್ ಒಳಗೆ ಡೊಳ್ಳಿನ ಚಿತ್ರದ ಹೆಸರಿತ್ತು. ಚಿತ್ರಕ್ಕೂ ಹ್ಯಾಶ್ ಹೆಸರು ಬಂದ ಮೇಲೆ ಸಿಎಸ್‌ಎಸ್ ಒಳಗಿನ ಹೆಸರೂ ಬದಲಾಗಬೇಕು, ಅದು ಬದಲಾದ್ರೆ ಸಿಎಸ್‌ಎಸ್‌ನ ಹ್ಯಾಶೇ ಬದಲಾಗುತ್ತೆ. ಹಾಗಾಗಿ ಮೊದಲು ಚಿತ್ರ, ಫಾಂಟು, ಆಮೇಲೆ ಸಿಎಸ್‌ಎಸ್, ಕೊನೆಗೆ ಎಚ್‌ಟಿಎಂಎಲ್. ಎಲೆಯಿಂದ ಬೇರಿಗೆ.

ಎರಡು, ಏರಿಸೋ ಕ್ರಮ. ಎಚ್‌ಟಿಎಂಎಲ್ ಮೊದಲು ಏರಿಸಿದ್ರೆ, ಆ ಒಂದೆರಡು ಕ್ಷಣದಲ್ಲಿ ಬಂದವರು ಇನ್ನೂ ಸರ್ವರ್‌ನಲ್ಲಿ ಇಲ್ಲದ ಫೈಲ್ ಕೇಳ್ತಾರೆ, 404 ಬರುತ್ತೆ. ಮೊದಲು ಹೊಸ ಸಿಎಸ್‌ಎಸ್, ಜೆಎಸ್ ಏರಿಸಿ, ಆಮೇಲೆ ಎಚ್‌ಟಿಎಂಎಲ್. ಹಳೇ ಫೈಲುಗಳನ್ನ ತಕ್ಷಣ ಅಳಿಸಬೇಡಿ, ಹಳೇ ಪುಟ ಇನ್ನೂ ಯಾರದ್ದೋ ಟ್ಯಾಬಲ್ಲಿ ತೆರೆದಿರುತ್ತೆ, ಅದು ಹಳೇ ಹೆಸರನ್ನೇ ಕೇಳುತ್ತೆ.

ಮೂರು, ಇದು ದೊಡ್ಡ ಗುಂಡಿ. ಹೊಸ ಹೆಸರನ್ನ ಹೇಳೋದು ಎಚ್‌ಟಿಎಂಎಲ್. ಅದೇ ಕ್ಯಾಶಲ್ಲಿ ಕೂತ್ರೆ ಎಲ್ಲಾ ವ್ಯರ್ಥ. ಅದಕ್ಕೆ ಏನೂ ಚೀಟಿ ಅಂಟಿಸಿಲ್ಲ ಅಂದ್ರೆ ಬ್ರೌಸರ್ ತಾನೇ ಅಂದಾಜು ಮಾಡಬಹುದು. ಕೊನೇ ಸಲ ತಿದ್ದಿ ಎಷ್ಟು ಕಾಲ ಆಗಿದೆಯೋ ಅದರ 10% ಹೊತ್ತು ಇಟ್ಕೊಳ್ಳೋದು ಸಾಮಾನ್ಯ ರೂಢಿ. ಅದಕ್ಕೇ ಎಚ್‌ಟಿಎಂಎಲ್‌ಗೆ ನೋ-ಕ್ಯಾಶ್ ಅಂತ ಹಾಕಿ. ಹೆಸರು ಕೇಳಿ ಮೋಸಹೋಗಬೇಡಿ. ನೋ-ಕ್ಯಾಶ್ ಅಂದ್ರೆ ಇಟ್ಕೋಬೇಡ ಅಂತಲ್ಲ. ಇಟ್ಕೋ, ಆದ್ರೆ ಬಳಸೋ ಮುಂಚೆ ಪ್ರತಿ ಸಲ ನನ್ನನ್ನ ಕೇಳು ಅಂತ. ಇಟ್ಕೊಳ್ಳಲೇಬೇಡ ಅನ್ನೋಕೆ ನೋ-ಸ್ಟೋರ್ ಇದೆ. ಕೇಳಿದಾಗ ಏನೂ ಬದಲಾಗಿಲ್ಲ ಅಂದ್ರೆ ಸರ್ವರ್ 304 ಅಂತ ಒಂದೇ ಮಾತಲ್ಲಿ ಉತ್ತರ ಕೊಡುತ್ತೆ, ಪುಟ ಮತ್ತೆ ಕಳಿಸಲ್ಲ. ಮೆಸ್ಸಿಗೆ ಫೋನ್ ಮಾಡಿ "ಅಣ್ಣಾ, ಮೆನು ಚೇಂಜ್ ಆಯ್ತಾ?" ಅಂದ್ರೆ "ಇಲ್ಲ, ಅದೇ" ಅಂದ ಹಾಗೆ. ಹ್ಯಾಶ್ ಹೆಸರಿನ ಫೈಲುಗಳಿಗೆ ಮಾತ್ರ ಧೈರ್ಯವಾಗಿ ಒಂದು ವರ್ಷ, ಅಂದ್ರೆ 31536000 ಸೆಕೆಂಡ್ ಕೊಡಬಹುದು. ಆ ಹೆಸರಿನಲ್ಲಿ ಬೇರೆ ವಿಷಯ ಯಾವತ್ತೂ ಬರಲ್ಲ. 2017ರಿಂದ ಇಮ್ಮ್ಯೂಟಬಲ್ ಅಂತ ಇನ್ನೊಂದು ಪದವೂ ಇದಕ್ಕೆ ಇದೆ. ಇದು ಬದಲಾಗೋದೇ ಇಲ್ಲ, ರಿಫ್ರೆಶ್ ಮಾಡಿದಾಗಲೂ ಕೇಳೋದು ಬೇಡ ಅಂತ.

ಕಂಪ್ಯೂಟರ್ ಸೈನ್ಸಲ್ಲಿ ಕಷ್ಟದ ಕೆಲಸ ಎರಡೇ, ಕ್ಯಾಶಲ್ಲಿರೋದನ್ನ ರದ್ದು ಮಾಡೋದು ಮತ್ತೆ ಹೆಸರಿಡೋದು, ಅಂತ ನೆಟ್‌ಸ್ಕೇಪ್‌ನಲ್ಲಿದ್ದ ಫಿಲ್ ಕಾರ್ಲ್ಟನ್ ಹೇಳಿದ್ರು ಅಂತ ಎಲ್ಲರೂ ತಮಾಷೆಯಾಗಿ ಹೇಳ್ತಾರೆ. ನಾವೂ ಟೀ ಶರ್ಟಲ್ಲಿ ಓದಿ ನಕ್ಕಿದ್ವಿ. ಈಗ ಅನ್ಸೋದು, ಮೊದಲನೇ ಕಷ್ಟಕ್ಕೆ ಇಲ್ಲಿ ಸಿಕ್ಕ ಉತ್ತರ ಎರಡನೇದೇ. ಬೇರೆಯವರ ಫೋನಿನಲ್ಲಿರೋದನ್ನ ರದ್ದು ಮಾಡೋಕೆ ಆಗಲ್ಲ, ಆದ್ರೆ ನಮ್ಮ ಹತ್ರ ಇರೋದಕ್ಕೆ ಸರಿಯಾದ ಹೆಸರಿಡೋಕೆ ಆಗುತ್ತೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಮಾತು ಉಳಿಯುತ್ತೆ. ನಮ್ಮಲ್ಲಿ ಫೋನ್ ಮಾಡಬೇಕಾ ಅಂತ ಕೇಳಿದ್ದನಲ್ಲ, ಅವನು ಹೇಳಿದ್ದು. ಯಾವ ಹ್ಯಾಶ್ ಹಾಕಿದ್ರೂ, ಹಿಂದಿನ ದಿನ ಸೈಟ್ ನೋಡಿ ಫೋನ್ ಬ್ಯಾಗಲ್ಲಿ ಇಟ್ಟವರಿಗೆ ಹೊಸ ಸಮಯ ಗೊತ್ತಾಗಲ್ಲ. ಮನುಷ್ಯರ ತಲೆಯಲ್ಲೂ ಕ್ಯಾಶ್ ಇರುತ್ತೆ, ಅದಕ್ಕೆ ಫೋನೇ ಮಾಡಬೇಕು. ಹೊರಗಿನ ಕಾಲೇಜಿಂದ ಹೆಸರು ಕೊಟ್ಟಿದ್ದವರು ಹನ್ನೊಂದು ಜನ. ಹನ್ನೊಂದು ಫೋನಿಗೆ ಅರ್ಧ ಗಂಟೆ ಸಾಕಿತ್ತು.

ಕಾರಣ ಗೊತ್ತಾದ ಮಾರನೇ ದಿನ ಆ ಹುಡುಗಿಗೆ ಫೋನ್ ಮಾಡಿದ್ವಿ. ಸ್ಪೀಕರ್ ಹಾಕಿ ನಾಲ್ಕೂ ಜನ ಕೂತಿದ್ವಿ. ಕ್ಯಾಶು, 30 ದಿನ, ಎಲ್ಲಾ ವಿವರಿಸಿದ್ವಿ. ಅವಳು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದಳು: "ಹಾಗಾದ್ರೆ ನಾನು ನೋಡಿದ್ದು ಸರಿನೇ ಅಲ್ವಾ ಅಣ್ಣಾ? ನಮ್ಮ ಮೇಡಂ ನೀನೇ ಟೈಮ್ ತಪ್ಪು ನೋಡ್ಕೊಂಡಿದೀಯ ಅಂತಿದಾರೆ."

ನಾವು ಅವತ್ತು ಹೇಳಿದ್ದೂ ಅದನ್ನೇ ಅಲ್ವಾ.

ಸಂಘದ ಲೆಟರ್‌ಹೆಡ್ಡಿನಲ್ಲಿ ಅವಳ ಮೇಡಂಗೆ ಪತ್ರ ಬರೆದ್ವಿ. ವಿದ್ಯಾರ್ಥಿನಿ ಸಮಯ ಸರಿಯಾಗೇ ನೋಡಿದ್ದಾಳೆ, ನಮ್ಮ ವೆಬ್‌ಸೈಟ್ ಆಕೆಗೆ ತಪ್ಪು ಸಮಯ ತೋರಿಸಿದೆ, ಹೊಣೆ ನಮ್ಮದು ಅಂತ. ಕನ್ನಡದಲ್ಲಿ ಅಷ್ಟು ಅಧಿಕೃತವಾಗಿ ನಾವು ಬರೆದ ಮೊದಲ ಪತ್ರ ಅದು. ಸಂಘದ ಮೇಷ್ಟ್ರು ಎರಡು ಕಡೆ ಒತ್ತಕ್ಷರ ತಿದ್ದಿ ಸಹಿ ಹಾಕಿಕೊಟ್ರು.

ಪೈಥಾನ್ ಸ್ಕ್ರಿಪ್ಟ್ ಸಂಘದ ಡ್ರೈವಿನಲ್ಲಿದೆ, ಯಾರು ಬೇಕಾದ್ರೂ ತಗೊಳ್ಳಿ. ಕಾನ್ಫಿಗ್ ಫೈಲಿನ ಪ್ರತಿ ಸಾಲಿನ ಮೇಲೂ ಅದು ಯಾಕಿದೆ ಅಂತ ಕನ್ನಡದಲ್ಲೇ ಬರೆದಿಟ್ಟಿದ್ದೀವಿ. ದಯವಿಟ್ಟು ಕಾಪಿ ಮಾಡೋ ಮುಂಚೆ ಓದಿ. ಮತ್ತೆ ಯಾರಾದ್ರೂ ನನಗೆ ಹಳೇದು ಕಾಣ್ತಿದೆ ಅಂದ್ರೆ, ರಿಫ್ರೆಶ್ ಮಾಡಿ ಅನ್ನೋ ಮುಂಚೆ ಅವರ ಫೋನ್ ಇಸ್ಕೊಂಡು ಒಂದ್ಸಲ ನೋಡಿ.